ಅಡಿಗೆಯವಳ ಕೈ

ಅಡಿಗೆ ಮಾಡುವವರಿಗೆ ನಮ್ಮಲ್ಲಿ ಸಿಗುವ ದೊಡ್ಡ ಮರ್ಯಾದೆಯ ಮಾತೆಂದರೆ ‘ಕೈರುಚಿ’. ಅದೇ ಬೇಳೆ, ಅದೇ ಪುಡಿ, ಅದೇ ಒಲೆ. ಆದರೂ ಅತ್ತೆಯ ಸಾರಿಗೂ ಸೊಸೆಯ ಸಾರಿಗೂ ವ್ಯತ್ಯಾಸ ಬಂದರೆ ಅದಕ್ಕೆ ಕೈಯೇ ಕಾರಣ ಎನ್ನುತ್ತೇವೆ. ಡಾಕ್ಟರಿಗಾದರೆ ‘ಕೈಗುಣ’. ಒಳ್ಳೆಯದಾದಾಗ ಕೈಯನ್ನು ಹೊಗಳುವ ನಾವು ಕೆಟ್ಟದ್ದಾದಾಗ ಮಾತ್ರ ಕೈಯನ್ನು ಬಿಟ್ಟು, ಅದು ಯಾರ ಕೈ ಎಂದು ವಿಚಾರಿಸುತ್ತೇವೆ. ಈ ಅಭ್ಯಾಸ ನಮ್ಮ ದೇಶದ್ದು ಮಾತ್ರ ಅಲ್ಲ. ಅಮೆರಿಕದಲ್ಲಿ ಮೇರಿ ಮ್ಯಾಲನ್ ಎಂಬ ಅಡಿಗೆಯವಳೊಬ್ಬಳಿದ್ದಳು. ಅವಳ ಕಥೆ ಓದಿದಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೂತುಬಿಟ್ಟಿದೆ. ತನಗೆ ತಿಳಿಯದೆ ರೋಗ ಹಂಚಿದವಳು ತಪ್ಪಿತಸ್ಥಳೇ? ತಿಳಿದ ಮೇಲೂ ಹಂಚಿದರೆ?

ಮೇರಿ 1869ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವಳು. ಹದಿಹರೆಯದಲ್ಲೇ ಹಡಗು ಹತ್ತಿ ಹೊಟ್ಟೆಪಾಡಿಗೆ ನ್ಯೂಯಾರ್ಕಿಗೆ ಬಂದಳು. ಮದುವೆಯಾಗಲಿಲ್ಲ. ಅಡಿಗೆಯಲ್ಲಿ ಗಟ್ಟಿಗಿತ್ತಿ, ಶ್ರೀಮಂತರ ಮನೆಗಳಲ್ಲಿ ಅವಳಿಗೆ ಸುಲಭವಾಗಿ ಕೆಲಸ ಸಿಗುತ್ತಿತ್ತು. 1906ರ ಬೇಸಿಗೆಯಲ್ಲಿ ಆಯ್‌ಸ್ಟರ್ ಬೇ ಎಂಬ ಸಮುದ್ರತೀರದ ಊರಿನಲ್ಲಿ ಒಬ್ಬ ಬ್ಯಾಂಕ್ ಒಡೆಯನ ಕುಟುಂಬ ಬಾಡಿಗೆ ಬಂಗಲೆಯಲ್ಲಿ ತಂಗಿತ್ತು. ಆಳುಕಾಳೂ ಸೇರಿ ಮನೆಯಲ್ಲಿದ್ದ ಹನ್ನೊಂದು ಜನರಲ್ಲಿ ಆರು ಜನಕ್ಕೆ ಟೈಫಾಯಿಡ್ ಬಂತು. ಟೈಫಾಯಿಡ್ ಎಂದರೆ ಕೊಳಚೆಗೇರಿಯ ಬಡವರ ಜ್ವರ ಎಂದು ಅಲ್ಲಿಯ ದೊಡ್ಡವರು ನಂಬಿದ್ದ ಕಾಲ ಅದು. ಬಂಗಲೆಯ ಯಜಮಾನನಿಗೆ ಮುಂದಿನ ವರ್ಷ ಬಾಡಿಗೆಗೆ ಯಾರೂ ಬರಲಾರರೆಂಬ ಚಿಂತೆ. ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ಎಂಜಿನಿಯರನ್ನು ಕರೆಸಿದರು. ಆತ ಬಾವಿಯ ನೀರು ನೋಡಿದ, ಕಕ್ಕಸಿನ ಗುಂಡಿ ನೋಡಿದ, ಹಾಲು ನೋಡಿದ. ಎಲ್ಲವೂ ಸರಿಯಾಗಿತ್ತು. ಕೊನೆಗೆ, ಜ್ವರ ಶುರುವಾಗುವ ಕೆಲವೇ ವಾರ ಮೊದಲು ಬಂದು ಆಮೇಲೆ ಕೆಲಸ ಬಿಟ್ಟುಹೋದ ಅಡಿಗೆಯವಳ ಜಾಡು ಹಿಡಿದ. ಅವಳು ಹಿಂದೆ ದುಡಿದ ಎಂಟು ಮನೆಗಳ ಲೆಕ್ಕ ಸಿಕ್ಕಿತು. ಅವುಗಳಲ್ಲಿ ಏಳರಲ್ಲಿ ಟೈಫಾಯಿಡ್. ಒಟ್ಟು 22 ಜನಕ್ಕೆ, ಒಬ್ಬರ ಸಾವು.

1907ರಲ್ಲಿ ಸೋಪರ್ ಅವಳು ಕೆಲಸಕ್ಕಿದ್ದ ಮನೆಯ ಅಡಿಗೆಕೋಣೆಗೇ ಹೋಗಿ, ನೀನು ಜನಕ್ಕೆ ಜ್ವರ ಹರಡುತ್ತಿದ್ದೀಯೆ, ನಿನ್ನ ಮಲ, ಮೂತ್ರ, ರಕ್ತ ಪರೀಕ್ಷೆಗೆ ಬೇಕು ಎಂದು ಕೇಳಿದ. ಯಾರೋ ಗುರುತಿಲ್ಲದ ಗಂಡಸು ಒಲೆಯ ಮುಂದೆ ಬಂದು ನಿಂತು ಹೀಗೆ ಕೇಳಿದರೆ ನೀವೇನು ಮಾಡುತ್ತಿದ್ದಿರಿ? ಅವಳು ಮಾಂಸ ಕತ್ತರಿಸುವಾಗ ಚುಚ್ಚಿ ಹಿಡಿಯುವ ದೊಡ್ಡ ಮುಳ್ಳುಚಮಚ ತೆಗೆದುಕೊಂಡು ಅಟ್ಟಿಸಿಕೊಂಡು ಹೋದಳು. ನನಗೇನೋ ಇದರಲ್ಲಿ ಅವಳ ತಪ್ಪು ಕಾಣುವುದಿಲ್ಲ.

ಅವಳ ವಾದ ಸರಳವಾಗಿತ್ತು. ನನಗೆ ಟೈಫಾಯಿಡ್ ಬಂದೇ ಇಲ್ಲ, ಗುಂಡುಕಲ್ಲಿನ ಹಾಗಿದ್ದೇನೆ, ನಾನು ಹೇಗೆ ಹರಡಲಿ? ಆ ಕಾಲದ ಅನೇಕ ಡಾಕ್ಟರಿಗೇ ಇದು ಹೊಸ ವಿಷಯ. ಇಂದು ನಮಗೆ ಗೊತ್ತಿದೆ: ಟೈಫಾಯಿಡ್ ತಗುಲಿದ ನೂರು ಜನರಲ್ಲಿ ಎರಡು-ಮೂರು, ಹೆಚ್ಚೆಂದರೆ ಐದು ಮಂದಿಯ ಪಿತ್ತಕೋಶದಲ್ಲಿ ಕ್ರಿಮಿ ಮನೆಮಾಡಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು, ಪಿತ್ತಕೋಶದಲ್ಲಿ ಕಲ್ಲಿದ್ದವರಲ್ಲಿ ಇನ್ನೂ ಹೆಚ್ಚು. ಕೆಲವರಿಗೆ ಜ್ವರ ಬಂದು ಹೋದದ್ದೂ ತಿಳಿದಿರುವುದಿಲ್ಲ. ಕ್ರಿಮಿ ಮಲದ ಜೊತೆ ಹೊರಬರುತ್ತದೆ. ಕಕ್ಕಸಿಗೆ ಹೋಗಿಬಂದ ಕೈಯನ್ನು ಸೋಪು ಹಾಕಿ ಉಜ್ಜಿ ತೊಳೆಯದಿದ್ದರೆ ಕೈಗೆ, ಕೈಯಿಂದ ಊಟಕ್ಕೆ. ಬೆಂಕಿಯ ಮೇಲೆ ಬೆಂದದ್ದರಲ್ಲಿ ಅದು ಬದುಕುವುದಿಲ್ಲ. ಹಾಗಾದರೆ ಮೇರಿಯ ಅಡಿಗೆಯಿಂದ ಹೇಗೆ ಹರಡಿತು ಎಂದರೆ, ಅವಳು ಪೀಚ್ ಹಣ್ಣು ಹಸಿಯಾಗಿಯೇ ಹೆಚ್ಚಿ ಹಾಕಿದ ಐಸ್‌ಕ್ರೀಮ್ ಮಾಡುವುದರಲ್ಲಿ ಎತ್ತಿದ ಕೈಯಂತೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಕುದಿಯುವ ಹುಳಿಗೆ ಭಯವಿಲ್ಲ. ಭಯವಿರುವುದು ಕೋಸಂಬರಿಗೆ, ಮಜ್ಜಿಗೆಗೆ, ಒಗ್ಗರಣೆ ಹಾಕಿ ಕೈಯಲ್ಲಿ ಕಲಸಿಟ್ಟ ಮೊಸರನ್ನಕ್ಕೆ.

ನಮ್ಮ ಅಜ್ಜಿಯ ಮಡಿ ನಿಮಗೂ ಗೊತ್ತಿರುವಂಥದೇ. ತಣ್ಣೀರ ಸ್ನಾನ, ಗಳುವಿನ ಮೇಲೆ ಒಣಹಾಕಿದ ಸೀರೆಯನ್ನು ಕೋಲಿನಿಂದ ಎಳೆದು ಉಡುವುದು, ಅಡಿಗೆಮನೆಯ ಹೊಸಿಲಿಗೆ ಮೊಮ್ಮಕ್ಕಳೂ ಬರಬಾರದು. ಆ ಕಟ್ಟುನಿಟ್ಟಿನಲ್ಲಿ ನೀರು ಧಾರಾಳವಾಗಿ ಖರ್ಚಾಗುತ್ತಿತ್ತು ನಿಜ, ಅದರಿಂದ ಒಂದಿಷ್ಟು ಒಳ್ಳೆಯದೂ ಆಗಿರಬೇಕು. ಆದರೆ ಮಡಿ ಕೇಳುವ ಪ್ರಶ್ನೆಯೇ ಬೇರೆ. ‘ಯಾರು ಮುಟ್ಟಿದರು’ ಎಂದು ಮಡಿ ಕೇಳುತ್ತದೆ. ಆ ಕೈ ಈಗ ತಾನೇ ಎಲ್ಲಿಂದ ಬಂತು, ತೊಳೆಯಿತೇ ಇಲ್ಲವೇ ಎಂಬುದು ಶುಚಿಯ ವಿಚಾರ. ಮೇರಿ ಮಿಂದು ಒಗೆದ ಬಟ್ಟೆ ಉಟ್ಟು ನಿಂತಿದ್ದರೆ ಯಾವ ಮಡಿಯೂ ಅವಳನ್ನು ತಡೆಯುತ್ತಿರಲಿಲ್ಲ.

ಸೋಪರನ ಕೈಯಲ್ಲಿ ಆಗದ್ದನ್ನು ಮಾಡಲು ಆರೋಗ್ಯ ಇಲಾಖೆ ಒಬ್ಬ ಹೆಣ್ಣುಮಗಳನ್ನೇ ಕಳಿಸಿತು. ಡಾಕ್ಟರ್ ಜೋಸೆಫೀನ್ ಬೇಕರ್. ಆಕೆಗೆ ಹದಿನಾರು ವರ್ಷವಾಗಿದ್ದಾಗ ತಂದೆ ಇದೇ ಟೈಫಾಯಿಡಿನಿಂದ ಸತ್ತಿದ್ದರು. ಮೊದಲ ಸಲ ಮಾತಾಡಿಸಹೋಗಿ ಬರಿಗೈಯಲ್ಲಿ ಬಂದ ಬೇಕರ್ ಮತ್ತೆ ಪೊಲೀಸರೊಡನೆ ಹೋದರು. ಮೇರಿ ಮಾಯ. ಗಂಟೆಗಟ್ಟಲೆ ಹುಡುಕಿದರು. ಮನೆಯ ಬೇರೆ ಕೆಲಸದವರನ್ನು ಕೇಳಿದರೆ ಕಂಡೇ ಇಲ್ಲ ಎಂದರು. ಕಡೆಗೆ ಪಕ್ಕದ ಮನೆಯ ಮೆಟ್ಟಿಲ ಕೆಳಗಿನ ಗೂಡಿನ ಬಾಗಿಲಲ್ಲಿ ಒಂದು ಚೂರು ನೀಲಿ ಬಟ್ಟೆ ಸಿಕ್ಕಿಕೊಂಡದ್ದು ಕಣ್ಣಿಗೆ ಬಿತ್ತು. ಆ ಬಾಗಿಲ ಮುಂದೆ ಬೂದಿಯ ಡಬ್ಬಿಗಳನ್ನು ಯಾರೋ ಒಟ್ಟಿದ್ದರು. ಒಳಗೆ ಅಡಗಿದವಳು ತಾನೇ ಹೊರಗಿನಿಂದ ಡಬ್ಬಿ ಒಟ್ಟಲಾರಳಲ್ಲ! ಯಜಮಾನರ ವಿರುದ್ಧ ಕೆಲಸದವರು ಒಂದಾಗುವ ಈ ಗುಟ್ಟು ಮನೆಗೆಲಸಕ್ಕೆ ಜನ ಇಟ್ಟುಕೊಂಡ ಎಲ್ಲ ಊರಲ್ಲೂ ಇದೆ. ಒದೆಯುತ್ತ ಕಿರುಚುತ್ತಿದ್ದವಳನ್ನು ಆಂಬುಲೆನ್ಸಿಗೆ ಹಾಕಿ ಆಸ್ಪತ್ರೆ ಸೇರುವವರೆಗೆ ಬೇಕರ್ ಅವಳ ಮೈಮೇಲೆ ಕೂತೇ ಹೋದರಂತೆ.

ಅಲ್ಲಿಂದ ನಾರ್ತ್ ಬ್ರದರ್ ಎಂಬ ದ್ವೀಪ. ಎರಡು ವರ್ಷಗಳಲ್ಲಿ 163 ಸಲ ಪರೀಕ್ಷೆ ಮಾಡಿದರು, 120 ಸಲ ಕ್ರಿಮಿ ಸಿಕ್ಕಿತು. ಅವಳು ಖಾಸಗಿ ಪ್ರಯೋಗಾಲಯಕ್ಕೆ ಕಳಿಸಿದಾಗ ಸಿಗಲಿಲ್ಲ. ಯಾವುದನ್ನು ನಂಬುತ್ತಾಳೆ ಹೇಳಿ! ಪಿತ್ತಕೋಶ ತೆಗೆಸಿಕೋ ಎಂದರು. ಆಗಿನ ಕಾಲಕ್ಕೆ ಅದು ಪ್ರಾಣಕ್ಕೇ ಅಪಾಯದ ಆಪರೇಷನ್, ಒಲ್ಲೆನೆಂದಳು. ಆ್ಯಂಟಿಬಯಾಟಿಕ್ ಇನ್ನೂ ಹುಟ್ಟಿರಲಿಲ್ಲ. 1909ರಲ್ಲಿ ಕೋರ್ಟಿಗೆ ಹೋದಳು, ಸೋತಳು. 1910ರಲ್ಲಿ ಹೊಸ ಅಧಿಕಾರಿ ಬಂದು, ಇನ್ನು ಅಡಿಗೆ ಮಾಡಕೂಡದೆಂದು ಮಾತು ಪಡೆದು ಬಿಟ್ಟರು. ಬಟ್ಟೆ ಒಗೆಯುವ ಕೆಲಸ ಸಿಕ್ಕಿತು. ಅಡಿಗೆಯವಳ ಸಂಬಳವೆಲ್ಲಿ, ಅಗಸಗಿತ್ತಿಯ ಸಂಬಳವೆಲ್ಲಿ?

1915ರಲ್ಲಿ ನ್ಯೂಯಾರ್ಕಿನ ಸ್ಲೋನ್ ಎಂಬ ಹೆರಿಗೆ ಆಸ್ಪತ್ರೆಯಲ್ಲಿ 25 ಜನಕ್ಕೆ ಟೈಫಾಯಿಡ್ ಬಂತು. ಅಲ್ಲಿಯ ಅಡಿಗೆಯವಳು ಮಿಸೆಸ್ ಬ್ರೌನ್. ಅವಳೇ ಮೇರಿ.

ಇಲ್ಲಿಗೆ ಬಂದಾಗ ನನ್ನ ಗೆಳತಿಯೊಬ್ಬಳು, ನರ್ಸಾಗಿದ್ದು ನಿವೃತ್ತಳಾದವಳು, ನನ್ನೊಡನೆ ಜಗಳಕ್ಕೇ ಬರುತ್ತಾಳೆ. “ನಿನ್ನ ಮೇರಿಯ ಹೆಸರು ಜಗತ್ತಿಗೇ ಗೊತ್ತು. ಆ ಆಸ್ಪತ್ರೆಯಲ್ಲಿ ಇಬ್ಬರು ಸತ್ತರಲ್ಲ, ಅವರ ಹೆಸರು ಯಾರಿಗಾದರೂ ಗೊತ್ತೇನೆ? ಮಲಗಿದವರಲ್ಲಿ ಡಾಕ್ಟರು, ನರ್ಸುಗಳೇ ಹೆಚ್ಚು. ಅವರೂ ಹೊಟ್ಟೆಪಾಡಿಗೆ ಬಂದವರೇ” ಎನ್ನುತ್ತಾಳೆ. ಅವಳ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಹುಡುಕಲೂ ಬಾರದು. ಹೆಸರು ಬದಲಿಸಿದಳೆಂದ ಮೇಲೆ, ಮನಸ್ಸು ನಂಬದಿದ್ದರೂ ತನ್ನ ಮೇಲೆ ಹೊರಿಸಿದ್ದೇನೆಂಬುದು ಅವಳಿಗೆ ತಿಳಿದಿತ್ತು. 1907ರ ಮೇರಿಯ ಪರ ನಾನು ನಿಲ್ಲುತ್ತೇನೆ. 1915ರ ಮೇರಿಯ ಪರ ನಿಲ್ಲಲಾರೆ. ಆದರೆ ಆ ಎಂಟು ವರ್ಷಗಳಲ್ಲಿ ಮೊದಲನೆಯವಳನ್ನು ಎರಡನೆಯವಳಾಗಿ ಮಾಡಿದ್ದರಲ್ಲಿ ಆ ಊರಿನ ಪಾಲೂ ಇದೆ ಎನ್ನುವುದನ್ನು ಬಿಟ್ಟುಕೊಡಲಾರೆ. ರೋಗಾಣು ನಿನ್ನಲ್ಲಿದೆ ಎಂಬುದನ್ನು ಪೊಲೀಸರ ಬಾಯಿಂದ ಕೇಳಿದವಳು ಅದನ್ನು ಬುದ್ಧಿಮಾತೆಂದು ತೆಗೆದುಕೊಳ್ಳುತ್ತಾಳೆಯೇ?

ಇನ್ನೊಂದು ಸಂಗತಿ ನೋಡಿ. ನ್ಯೂಯಾರ್ಕಿನಲ್ಲಿ ಆಮೇಲೆ ಇಂಥ ರೋಗವಾಹಕರು ನೂರಾರು ಮಂದಿ ಸಿಕ್ಕರು. 1924ರಲ್ಲಿ ಆಲ್ಫೋನ್ಸ್ ಕೋಟಿಲ್ಸ್ ಎಂಬ ಬೇಕರಿ-ಹೋಟೆಲಿನ ಒಡೆಯ, ಕೂಡದೆಂದರೂ ಕೇಳದೆ ತಿಂಡಿ ಮಾಡುತ್ತಿದ್ದಾಗ ಸಿಕ್ಕಿಬಿದ್ದ. ಇನ್ನು ಮಾಡುವುದಿಲ್ಲವೆಂದು ಮಾತು ಕೊಟ್ಟ, ಬಿಟ್ಟುಬಿಟ್ಟರು. ಸಾಯುವವರೆಗೆ ದ್ವೀಪದಲ್ಲಿ ಇದ್ದವಳು ಮೇರಿ ಒಬ್ಬಳೇ. ಎರಡೂ ಸಲದ್ದು ಸೇರಿ 26 ವರ್ಷ. 1938ರ ನವೆಂಬರಿನಲ್ಲಿ ತೀರಿಕೊಂಡಳು. ಅವನು ಒಡೆಯ, ಅವಳು ಆಳು. ಅವನು ಗಂಡಸು, ಅವಳು ಹೆಂಗಸು. ಮಾತು ಮುರಿದದ್ದರಲ್ಲಿ ಇಬ್ಬರೂ ಸಮ.

ಈಗ ನಮ್ಮ ಮನೆಗಳಿಗೆ ಬನ್ನಿ. ಹಿತ್ತಲ ಕಿಟಕಿಯ ಸಂದಿಯಲ್ಲಿ ಬೋರಲು ಹಾಕಿದ ಒಂದು ಸ್ಟೀಲಿನ ಲೋಟ ನೀವೂ ನೋಡಿರುತ್ತೀರಿ. ಕೆಲಸದಾಕೆಯ ಕಾಫಿಗೆ. ಅವಳು ತಿಕ್ಕಿ ತೊಳೆದ ಲೋಟಗಳಲ್ಲೇ ಮನೆಮಂದಿಯೆಲ್ಲ ಕುಡಿಯುವುದು; ಅವಳು ಕುಡಿದ ಲೋಟ ಮಾತ್ರ ಒಳಗೆ ಬರಬಾರದು. ಯಾವ ಕ್ರಿಮಿಶಾಸ್ತ್ರಕ್ಕೂ ಇದು ಅರ್ಥವಾಗುವುದಿಲ್ಲ. 2020ರಲ್ಲಿ ಕೊರೊನಾ ನಮ್ಮ ರಾಜ್ಯಕ್ಕೆ ಮೊದಲು ಬಂದದ್ದು ವಿಮಾನದಲ್ಲಿ ಓಡಾಡಿದವರ ಜೊತೆಗೆ. ಆದರೂ ಮೊದಲು ಬಾಗಿಲು ಹಾಕಿದ್ದು ಬಸ್ಸಿನಲ್ಲಿ ಬರುವ ಕೆಲಸದಾಕೆಗೆ. ಆ ತಿಂಗಳುಗಳ ಸಂಬಳ ಕೊಟ್ಟವರಿದ್ದರು, ಕೊಡದವರೂ ಇದ್ದರು.

ನಮ್ಮ ಬೀದಿಯಲ್ಲಿ ಈ ಮಾತು ಬಂದದ್ದು ಅದಾದ ಮೇಲೆ. ಮೈ ಸರಿಯಿಲ್ಲದಿದ್ದರೆ ಬರಬೇಡ ಎಂದು ಎಲ್ಲರೂ ಹೇಳುತ್ತೇವೆ. ಬರದ ದಿನಕ್ಕೆ ಸಂಬಳ ಹಿಡಿಯುತ್ತೇವೆ. ಹಾಗಿದ್ದರೆ ಅವಳು ಭೇದಿಯಾಗುತ್ತಿದೆ ಎಂದು ಬಾಯಿಬಿಟ್ಟು ಏಕೆ ಹೇಳಬೇಕು? ಮುಚ್ಚಿಟ್ಟು ಬಂದು ನಮ್ಮ ಪಾತ್ರೆ ತೊಳೆದು, ತೆಂಗಿನಕಾಯಿ ತುರಿದುಕೊಟ್ಟು ಹೋಗುತ್ತಾಳೆ. ಎದುರುಮನೆಯಾಕೆ, ಸ್ಕೂಲ್ ಮೇಷ್ಟರ ಹೆಂಡತಿ, ಕಾಯಿಲೆಯ ದಿನಗಳಿಗೆ ಸಂಬಳ ಹಿಡಿಯುವುದಿಲ್ಲವೆಂದು ತನ್ನ ಕೆಲಸದಾಕೆಗೆ ಹೇಳಿಬಿಟ್ಟರು. ಉಳಿದವರಿಗೆ ಸಿಟ್ಟು ಬಂತು. “ಜ್ವರ ಅಂತ ಸುಳ್ಳು ಹೇಳಿ ಮಲಗಿಬಿಟ್ಟರೆ?” ಎಂದು ಒಬ್ಬರು ಕೇಳಿದರು. ಹೇಳಬಹುದು. ನಮ್ಮ ಮನೆಯ ಗಂಡಸರೂ ಆಫೀಸಿಗೆ ಹಾಗೆ ರಜೆಯ ಚೀಟಿ ಬರೆಯುತ್ತಾರಲ್ಲ.

ಮೇರಿಯ ಮೈಮೇಲೆ ಕೂತ ಆ ಜೋಸೆಫೀನ್ ಬೇಕರ್ ಮರುವರ್ಷವೇ, 1908ರ ಬೇಸಿಗೆಯಲ್ಲಿ, ಬಡವರ ಕೇರಿಯೊಂದಕ್ಕೆ ದಾದಿಯರನ್ನು ಕಳಿಸಿದರು. ಪೊಲೀಸರಿಲ್ಲ. ಹಸುಗೂಸಿರುವ ಮನೆ ಮನೆಗೆ ಹೋಗಿ, ತಾಯಂದಿರ ಪಕ್ಕ ಕೂತು, ಮಗುವಿಗೆ ಎದೆಹಾಲು ಕೊಡು, ಸ್ನಾನ ಮಾಡಿಸು, ಸೆಖೆಯಲ್ಲಿ ದಪ್ಪ ಬಟ್ಟೆ ಸುತ್ತಬೇಡ, ಕಿಟಕಿ ತೆಗೆ ಎಂದು ತೋರಿಸಿಕೊಟ್ಟರು. ಹಿಂದಿನ ಬೇಸಿಗೆಗೆ ಹೋಲಿಸಿದರೆ ಆ ಕೇರಿಯಲ್ಲಿ ಮಕ್ಕಳ ಸಾವು 1,200 ಕಡಿಮೆಯಾಯಿತೆಂದು ಆಕೆ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮೇರಿಯ ಬಗ್ಗೆಯೂ ಅಲ್ಲಿ ಬರೆದಿದ್ದಾರೆ: ಅವಳನ್ನು ಕಂಡರೆ ಕ್ರಮೇಣ ಇಷ್ಟವಾಯಿತು, ಅವಳ ಕಡೆಯ ನ್ಯಾಯವೂ ಅರ್ಥವಾಯಿತು ಎಂದು. ಆ ಪುಸ್ತಕ ಬಂದದ್ದು 1939ರಲ್ಲಿ, ಮೇರಿ ಸತ್ತ ಮರುವರ್ಷ.

ಎದುರುಮನೆಯ ಕೆಲಸದಾಕೆ ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಗೇಟಿನ ಹೊರಗೇ ನಿಂತು, “ಅಕ್ಕಾ, ರಾತ್ರಿಯಿಂದ ಹೊಟ್ಟೆ ಕೆಟ್ಟೈತೆ, ಇವತ್ತು ನಾ ಏನೂ ಮುಟ್ಟಲ್ಲ” ಎಂದು ಕೂಗಿ ಹೇಳಿ ಹೋದದ್ದು ಇಡೀ ಬೀದಿಗೆ ಕೇಳಿಸಿತು. ಅಂದು ಅವರ ಮನೆಯಲ್ಲಿ ಗೌರಿಹಬ್ಬದ ತಯಾರಿ, ಪಾತ್ರೆ ಬೆಟ್ಟದಷ್ಟು. ಆಕೆ ಸೆರಗು ಸಿಕ್ಕಿಸಿಕೊಂಡು ತಾವೇ ತೊಳೆಯುತ್ತ ಕೂತಿದ್ದರು.