ಮದ್ದಿನೆಲೆಯನ್ನು ಪರೀಕ್ಷಿಸುವದು ಅಪನಂಬಿಕೆಯೋ?



ನಿಮ್ಮಲ್ಲಿ ಅನೇಕರ ಮಕ್ಕಳು ಜೀವನೋಪಾಯಕ್ಕಾಗಿ ಹಳ್ಳಿಯನ್ನು ಬಿಟ್ಟು ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಿಗೆ ಹೋಗಿ, ತುಮಕೂರು ರಸ್ತೆಯ ಮೇಲಿರುವ ಟಿ. ದಾಸರಹಳ್ಳಿಯಲ್ಲಿ ಬಾಡಿಗೆಯ ಮನೆಗಳನ್ನು ಹಿಡಿದು ವಾಸವಾಗಿದ್ದಾರೆ. ಅಲ್ಲಿಯ ಓಣಿಗಳಲ್ಲಿಯೂ ಬಾಗಲ ಬದಿಯಲ್ಲಿ, ಹಳೆಯ ಡಬ್ಬಗಳಲ್ಲಿ, ದೊಡ್ಡಪತ್ರೆಯೂ ಅಮೃತಬಳ್ಳಿಯೂ ಬೆಳೆದಿರುವದನ್ನು ಕಾಣಬಹುದು. ಊರನ್ನು ಬಿಟ್ಟವರು ಊರಿನ ಮದ್ದನ್ನು ಬಿಡಲಿಲ್ಲ. ಇದು ನಿಂದಿಸತಕ್ಕ ಸಂಗತಿಯಲ್ಲ. ವೈದ್ಯನು ಹತ್ತಿರದಲ್ಲಿಲ್ಲದ ಕಾಲದಲ್ಲಿ ನಮ್ಮ ಹಿರಿಯರು ಈ ಎಲೆಗಳನ್ನು ಅರೆದು ಕುದಿಸಿ ನಮ್ಮನ್ನು ಸಾಕಿದರು. ಆದರೆ ಇಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ಹಿರಿಯರು ಕೊಟ್ಟ ಮದ್ದನ್ನು ಪರೀಕ್ಷೆಗೆ ಒಳಪಡಿಸುವದು ಅಪನಂಬಿಕೆಯೋ, ಕೃತಘ್ನತೆಯೋ? ಅಥವಾ ಪರೀಕ್ಷಿಸದೆ ಇನ್ನೊಬ್ಬನಿಗೆ ಕೊಡುವದೇ ತಪ್ಪೋ? ಇದನ್ನು ನಾವು ಶಾಂತಚಿತ್ತದಿಂದ ವಿಚಾರಿಸೋಣ.

ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಮಂಗಳೂರಿನಲ್ಲಿ ಕಟ್ಟಡದ ಕೆಲಸವನ್ನು ಮುಗಿಸಿದ ಯುವಕನೊಬ್ಬನು ದಾಸರಹಳ್ಳಿಯಲ್ಲಿರುವ ತನ್ನ ಅಣ್ಣನ ಮನೆಗೆ ಬರುತ್ತಾನೆ. ಬೆಂಗಳೂರಿನಲ್ಲಿ ಮಲೇರಿಯಾ ಎಂಬ ಚಳಿಜ್ವರವು ಈಗ ವಿರಳವಾಗಿದೆ. ಆದರೆ ಮಂಗಳೂರಿನಲ್ಲಿ ಅದು 1990ರ ದಶಕದಿಂದ ಬಹುಕಾಲ ಕಟ್ಟಡ ಕೆಲಸದವರನ್ನು ವಿಶೇಷವಾಗಿ ಬಾಧಿಸಿತು. ಬಂದ ಕೆಲವು ದಿನಗಳಲ್ಲಿಯೇ ಅವನಿಗೆ ಮೈ ನಡುಗಿ ಜ್ವರ ಏರುತ್ತದೆ. ನೆರೆಮನೆಯ ಅಜ್ಜಿಯು ಕನಿಕರಪಟ್ಟು ನೆಲಬೇವಿನ ಎಲೆಯನ್ನು ಅರೆದು ರಸವನ್ನು ಕುಡಿಸುತ್ತಾಳೆ. ಮರುದಿನ ಜ್ವರವಿಲ್ಲ! ಓಣಿಯವರೆಲ್ಲರೂ ಎಲೆಯನ್ನು ಹೊಗಳುತ್ತಾರೆ. ಅದರ ಮರುದಿನ ಜ್ವರವು ತಿರಿಗಿ ಬಂದರೆ, ರಸ ಸಾಲಲಿಲ್ಲವೆಂದು ಇನ್ನೊಂದು ಬಟ್ಟಲು ಕೊಡುತ್ತಾರೆ.

ಆ ಅಜ್ಜಿಯು ಸುಳ್ಳು ಹೇಳಲಿಲ್ಲ; ತಾನು ಕಂಡದ್ದನ್ನೇ ಹೇಳಿದಳು. ಆದರೂ ಅವಳ ಸಾಕ್ಷಿಯು ನಿಲ್ಲಲಾರದು. ಯಾಕಂದರೆ ವೈವ್ಯಾಕ್ಸ್ ಎಂಬ ಜಾತಿಯ ಚಳಿಜ್ವರದ ಸ್ವಭಾವವೇ ಒಂದು ದಿನ ಏರಿ ಒಂದು ದಿನ ಬಿಡುವದು. ರಕ್ತದೊಳಗಿನ ರೋಗಾಣುಗಳು ಸುಮಾರು 48 ತಾಸುಗಳಿಗೊಮ್ಮೆ ಕೆಂಪು ಕಣಗಳನ್ನು ಒಡೆದು ಹೊರಬರುವಾಗ ನಡುಕ ಹುಟ್ಟುತ್ತದೆ. ನಡುವಿನ ದಿನ ರೋಗಿಯು ಎದ್ದು ಕೂರುತ್ತಾನೆ. ಇದಲ್ಲದೆ ಈ ಜಾತಿಯ ಅಣುಗಳು ಪಿತ್ತಜನಕಾಂಗದಲ್ಲಿ ಅಡಗಿದ್ದು, ವಾರಗಳ ಅಥವಾ ತಿಂಗಳುಗಳ ಮೇಲೆ ರೋಗವನ್ನು ಮರಳಿ ಎಬ್ಬಿಸುವದುಂಟು. ಹೀಗಿರಲಾಗಿ ಜ್ವರವು ತಾನಾಗಿ ಬಿಟ್ಟ ದಿನದ ಕೀರ್ತಿಯು ಎಲೆಗೆ ಸಲ್ಲುತ್ತದೆ. ಸತ್ಯವಂತನು ಸಹ ತಿಳಿಯದೆ ಸುಳ್ಳು ಸಾಕ್ಷಿಯನ್ನು ಕೊಡಬಹುದೆಂಬದು ಇದರಿಂದ ತೋರುತ್ತದೆ. ಆದದರಿಂದ ಪ್ರಾಮಾಣಿಕತೆಯೊಂದೇ ಸಾಲದು, ಪರೀಕ್ಷೆಯೂ ಬೇಕು.

ಪರೀಕ್ಷೆ ಎಂದರೇನು? ದಾನಿಯೇಲನ ಚರಿತ್ರೆಯನ್ನು ನೀವೆಲ್ಲರೂ ಬಲ್ಲಿರಿ. ಬಾಬೆಲಿನ ಅರಮನೆಯಲ್ಲಿ ಅವನು ಅರಸನ ಭೋಜನವನ್ನು ಒಲ್ಲೆನೆಂದಾಗ, ತನ್ನ ಮಾತನ್ನು ಸುಮ್ಮನೆ ನಂಬಬೇಕೆಂದು ಕೇಳಲಿಲ್ಲ. ಹತ್ತು ದಿನಗಳ ಗಡುವನ್ನು ಇಟ್ಟನು. ತನಗೂ ತನ್ನ ಮೂವರು ಸ್ನೇಹಿತರಿಗೂ ಕಾಯಿಪಲ್ಯವನ್ನೂ ನೀರನ್ನೂ ಕೊಟ್ಟು, ಅರಸನ ಊಟವನ್ನು ಉಣ್ಣುವ ಬೇರೆ ಯುವಕರೊಂದಿಗೆ ಹೋಲಿಸಿ ನೋಡೆಂದನು. ತೀರ್ಪನ್ನು ಮೇಲ್ವಿಚಾರಕನ ಕೈಗೆ ಬಿಟ್ಟನು. ಗೊತ್ತಾದ ಗಡುವು, ಹೋಲಿಕೆಗೆ ಬೇರೊಂದು ಗುಂಪು, ತನ್ನವನಲ್ಲದ ತೀರ್ಪುಗಾರ, ಈ ಮೂರೂ ಅಲ್ಲಿ ಕೂಡಿವೆ. ಇಂದಿನ ವೈದ್ಯಶಾಸ್ತ್ರಜ್ಞರು ಕೇಳುವದು ಸಹ ಬಹುಮಟ್ಟಿಗೆ ಇದನ್ನೇ. ದಾನಿಯೇಲನನ್ನು ಅಪನಂಬಿಕೆಯವನೆಂದು ಯಾರು ಕರೆಯುವರು?

ಹೀಗೆ ಪರೀಕ್ಷಿಸಲ್ಪಟ್ಟ ಒಂದು ಎಲೆಯ ಸಂಗತಿಯನ್ನು ಕೇಳಿರಿ. 1967ರಲ್ಲಿ ಚೀನ ದೇಶದವರು ಚಳಿಜ್ವರಕ್ಕೆ ಹೊಸ ಮದ್ದನ್ನು ಹುಡುಕಲಾರಂಭಿಸಿದರು. ತೂ ಯೂಯೂ ಎಂಬ ವಿದುಷಿಯೂ ಅವರ ಜೊತೆಗಾರರೂ ಸುಮಾರು 200 ಮೂಲಿಕೆಗಳಿಂದ 380ಕ್ಕೂ ಹೆಚ್ಚು ಸಾರಗಳನ್ನು ತೆಗೆದು ಇಲಿಗಳ ಮೇಲೆ ಪ್ರಯೋಗಿಸಿದರು. ಮಾಚಿಪತ್ರೆಯ ಕುಲಕ್ಕೆ ಸೇರಿದ ಒಂದು ಗಿಡವು ಒಮ್ಮೆ ಗುಣ ತೋರಿ ಇನ್ನೊಮ್ಮೆ ತೋರದೆಹೋಯಿತು. ಆಗ ಆಕೆಯು ನಾಲ್ಕನೆಯ ಶತಮಾನದ ಒಂದು ವೈದ್ಯಗ್ರಂಥವನ್ನು ತಿರಿಗಿ ಓದಿ, ಪೂರ್ವಿಕರು ಆ ಸೊಪ್ಪನ್ನು ಕುದಿಸದೆ ನೀರಿನಲ್ಲಿ ನೆನಸಿ ಹಿಂಡುತ್ತಿದ್ದರೆಂದು ಕಂಡಳು. ಬಿಸಿಯು ಗುಣವನ್ನು ಕೆಡಿಸುತ್ತದೆಂದು ತರ್ಕಿಸಿ, ಕಡಿಮೆ ಶಾಖದಲ್ಲಿ ಸಾರವನ್ನು ತೆಗೆದಳು. 1971ರಲ್ಲಿ ಅದು ಇಲಿಗಳ ರಕ್ತದಿಂದ ರೋಗಾಣುಗಳನ್ನು ಪೂರ್ಣವಾಗಿ ತೊಲಗಿಸಿತು. 1972ರಲ್ಲಿ ಅದನ್ನು ರೋಗಿಗಳಿಗೆ ಕೊಡುವ ಮೊದಲು ಆಕೆಯೂ ಜೊತೆಗಾರರೂ ತಾವೇ ಸೇವಿಸಿ, ಅಪಾಯವಿಲ್ಲವೆಂದು ನೋಡಿಕೊಂಡರು. ಅದರಿಂದ ದೊರೆತ ಆರ್ಟೆಮಿಸಿನಿನ್ ಎಂಬ ಔಷಧವು ಲಕ್ಷಾಂತರ ಪ್ರಾಣಗಳನ್ನು ಉಳಿಸಿತು. 2015ರಲ್ಲಿ ಆಕೆಗೆ ನೊಬೆಲ್ ಬಹುಮಾನ ಬಂತು. ಇಲ್ಲಿ ಪರೀಕ್ಷೆಯು ಹಿರಿಯರನ್ನು ಅವಮಾನಿಸಿತೋ? ಇಲ್ಲ. ಅವರ ಮಾತಿನೊಳಗೆ ಹುದುಗಿದ್ದ ಸತ್ಯವನ್ನು ಲೋಕಕ್ಕೆಲ್ಲಾ ತೋರಿಸಿಕೊಟ್ಟಿತು.

ಆದರೆ ಎಲ್ಲಾ ಪರೀಕ್ಷೆಗಳೂ ಹೀಗೆ ಸಂತೋಷದಲ್ಲಿ ಮುಗಿಯವು. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆಮರದ ತೊಗಟೆಯ ಕಷಾಯವನ್ನು ಕುಡಿಯುವ ವಾಡಿಕೆಯುಂಟು. ಅದೇ ತೊಗಟೆಗೆ ಕಟುಕರೋಹಿಣಿ, ಕಿರಾತಕಡ್ಡಿ, ಗಜ್ಜುಗದ ಬೀಜ ಇವುಗಳನ್ನು ಕೂಡಿಸಿ, ನಮ್ಮ ದೇಶದ ಕೇಂದ್ರ ಆಯುರ್ವೇದ ಸಂಶೋಧನಾ ಮಂಡಳಿಯವರು ಚಳಿಜ್ವರಕ್ಕೆಂದು ಆಯುಷ್-64 ಎಂಬ ಮಾತ್ರೆಯನ್ನು ಮಾಡಿದರು. ಇದನ್ನು ಕ್ಲೋರೋಕ್ವಿನ್ ಮಾತ್ರೆಯೊಂದಿಗೆ ಹೋಲಿಸಿದ ಪರೀಕ್ಷೆಯ ವರದಿಯು 2000ದಲ್ಲಿ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. 28ನೆಯ ದಿನದಲ್ಲಿ ಎಣಿಸುವಾಗ ಕ್ಲೋರೋಕ್ವಿನ್ ತೆಗೆದುಕೊಂಡವರೆಲ್ಲರೂ ಗುಣವಾಗಿದ್ದರು; ಮೂಲಿಕೆಯ ಮಾತ್ರೆಯನ್ನು ತೆಗೆದುಕೊಂಡವರಲ್ಲಿ ಸುಮಾರು ಅರ್ಧ ಮಂದಿ ಮಾತ್ರ ಗುಣವಾಗಿದ್ದರು. ಮೂಲಿಕೆಯಲ್ಲಿ ಏನೂ ಗುಣವಿಲ್ಲವೆಂದು ಇದರ ಅರ್ಥವಲ್ಲ. ಬಲ್ಲ ಮದ್ದು ಇರುವಾಗ ಅದು ಸಾಲದೆಂದು ಅರ್ಥ. ತಮ್ಮ ನಾಡಿನ ಮದ್ದು ಸೋತ ಸಂಗತಿಯನ್ನು ಮುಚ್ಚಿಡದೆ ಅಚ್ಚುಹಾಕಿಸಿದವರನ್ನು ನಾವು ಗೌರವಿಸತಕ್ಕದ್ದು. ತನ್ನ ಪಕ್ಷಕ್ಕೆ ವಿರೋಧವಾದ ಸತ್ಯವನ್ನು ಹೇಳುವದೇ ಸತ್ಯಸಂಧತೆಯ ಒರೆಗಲ್ಲು.

ದಾಸರಹಳ್ಳಿಯಿಂದ ತುಮಕೂರು ರಸ್ತೆಯಲ್ಲಿ ಯಶವಂತಪುರದ ಕಡೆಗೆ ಹೋದರೆ ಭಾರತೀಯ ವಿಜ್ಞಾನ ಸಂಸ್ಥೆ ಸಿಕ್ಕುತ್ತದೆ. ಅಲ್ಲಿ ಜಿ. ಪದ್ಮನಾಭನ್ ಮೊದಲಾದವರು ಅರಿಶಿನದ ಸತ್ವವನ್ನು ರೋಗಪೀಡಿತ ಇಲಿಗಳಿಗೆ ಕೊಡಲಾಗಿ, ರಕ್ತದ ರೋಗಾಣುಗಳು ನೂರಕ್ಕೆ 80ರಿಂದ 90ರಷ್ಟು ಕಡಿಮೆಯಾದವೆಂದು 2005ರಲ್ಲಿ ತಿಳಿಸಿದರು. ಇದು ಆಶಾಜನಕವಾದದ್ದು. ಆದರೆ ಇಲಿಗೆ ಕೊಟ್ಟ ಶುದ್ಧ ಸತ್ವವೇ ಬೇರೆ, ನಮ್ಮ ಮನೆಯ ಅರಿಶಿನದ ಹಾಲೇ ಬೇರೆ. ಆರ್ಟೆಮಿಸಿನಿನ್ ಕೊಟ್ಟ ಗಿಡದ ಎಲೆಯನ್ನು ಸಹ ಚಹದಂತೆ ಕಾಸಿ ಕುಡಿದು ಚಳಿಜ್ವರವನ್ನು ವಾಸಿಮಾಡಿಕೊಳ್ಳುವದು ಸಲ್ಲದೆಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿತು. ಯಾಕಂದರೆ ಒಂದೊಂದು ಗಿಡದಲ್ಲಿ ಔಷಧದ ಅಂಶವು ಒಂದೊಂದು ಪ್ರಮಾಣವಾಗಿರುವದು. ಅರೆಪ್ರಮಾಣದ ಮದ್ದು ರೋಗಾಣುವನ್ನು ಕೊಲ್ಲದೆ ಬಲಪಡಿಸಬಹುದು.

ಕೆಲವರು ಹೀಗೆ ಆಕ್ಷೇಪಿಸುವರು: "ರೋಗಿಗಳನ್ನು ಎರಡು ಗುಂಪುಮಾಡಿ ಒಂದು ಗುಂಪಿಗೆ ಸಂಶಯದ ಮದ್ದನ್ನು ಕೊಡುವದು ಕ್ರೂರವಲ್ಲವೇ?" ಇದು ಒಳ್ಳೇ ಪ್ರಶ್ನೆ. ರೋಗಿಯ ಒಪ್ಪಿಗೆಯಿಲ್ಲದೆ ಹಾಗೆ ಮಾಡುವದು ನಿಶ್ಚಯವಾಗಿ ಪಾಪ. ಆದದರಿಂದಲೇ ಅಲ್ಲಿ ನಿಯಮಗಳಿವೆ: ಮುಂಚೆ ತಿಳಿಸಿ ಒಪ್ಪಿಗೆ ಪಡೆಯಬೇಕು, ರಕ್ತವನ್ನು ಮೇಲಿಂದ ಮೇಲೆ ನೋಡಬೇಕು, ರೋಗವು ಹೆಚ್ಚುವಂತೆ ಕಂಡರೆ ಬಲ್ಲ ಮದ್ದನ್ನು ತಡವಿಲ್ಲದೆ ಕೊಡಬೇಕು. ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ಜ್ವರದಿಂದ ಬೇಯುವ ಮಗುವಿಗೆ ಎಲೆಯ ರಸವನ್ನು ಕುಡಿಸಿ ಮೂರು ದಿನ ಕಾಯುವ ನಾವು ಮಾಡುವದು ಏನು? ಅದೂ ಪರೀಕ್ಷೆಯೇ! ಆದರೆ ಅಲ್ಲಿ ಮಗುವಿನ ಒಪ್ಪಿಗೆಯಿಲ್ಲ, ರಕ್ತವನ್ನು ನೋಡುವವರಿಲ್ಲ, ಲೆಕ್ಕವಿಡುವವರಿಲ್ಲ, ಸೋತರೆ ಕೊಡಲು ಬೇರೆ ಮದ್ದು ಕೈಯಲ್ಲಿಲ್ಲ. ಗುಣವಾದವರು ಓಣಿಯಲ್ಲಿ ಸಾಕ್ಷಿ ಹೇಳುವರು. ಮಣ್ಣಾದವರು ಸಾಕ್ಷಿ ಹೇಳಲಾರರು. ಪರೀಕ್ಷಿಸಬೇಕೋ ಬಾರದೋ ಎಂಬದು ನಮ್ಮ ಮುಂದಿರುವ ಆಯ್ಕೆಯಲ್ಲ. ಎಚ್ಚರದಿಂದ ಪರೀಕ್ಷಿಸಬೇಕೋ ಕಣ್ಣು ಮುಚ್ಚಿಕೊಂಡು ಪರೀಕ್ಷಿಸಬೇಕೋ ಎಂಬದೇ ಆಯ್ಕೆ.

ಫಾಲ್ಸಿಪರಂ ಎಂಬ ಇನ್ನೊಂದು ಜಾತಿಯ ಚಳಿಜ್ವರವು ಮಿದುಳಿಗೆ ಏರಿ, ಕೆಲವೇ ದಿನಗಳಲ್ಲಿ ಪ್ರಾಣವನ್ನು ತೆಗೆಯಬಲ್ಲದು. ಹೊರಗೆ ನೋಡುವವರಿಗೆ ಇದೂ ಅದೂ ಒಂದೇ ಜ್ವರ. ಆದಕಾರಣ ನಡುಕದ ಜ್ವರ ಬಂದ ದಿನವೇ ಸರಕಾರದ ಆಸ್ಪತ್ರೆಗೆ ಹೋಗಿ ಬೆರಳಿನಿಂದ ಒಂದು ತೊಟ್ಟು ರಕ್ತವನ್ನು ಕೊಟ್ಟು ನೋಡಿಸತಕ್ಕದ್ದು. ಕೊಟ್ಟ ಮಾತ್ರೆಯನ್ನು, ಜ್ವರ ಬಿಟ್ಟ ಮೇಲೆಯೂ, ಹೇಳಿದ ದಿನಗಳ ತನಕ ನುಂಗತಕ್ಕದ್ದು. ನೆರೆಮನೆಯ ಅಜ್ಜಿಯು ಬಟ್ಟಲನ್ನು ಹಿಡಿದು ಬಂದರೆ ಅವಳನ್ನು ಗದರಿಸಬೇಡಿರಿ. "ಅಜ್ಜೀ, ನಿಮ್ಮ ಪ್ರೀತಿ ದೊಡ್ಡದು, ಮೊದಲು ರಕ್ತವನ್ನು ನೋಡಿಸಿ ಬರೋಣ, ನೀವೂ ಬನ್ನಿರಿ" ಎಂದು ಅವಳ ಕೈಹಿಡಿದು ಕರೆದುಕೊಂಡು ಹೋಗಿರಿ. ಅವಳ ಕನಿಕರವು ಎಂದಿಗೂ ಪರೀಕ್ಷೆಯಲ್ಲಿ ಸೋಲಲಿಲ್ಲ. ಸೋತರೆ ಸೋಲುವದು ಎಲೆ ಮಾತ್ರ.