ಮಾಡದ ಕರ್ಮದ ಫಲ: ಹವಾಮಾನ ಬದಲಾವಣೆಯ ನೈತಿಕ ಪ್ರಶ್ನೆ

ಕರ್ಮ ಮಾಡಿದವನೇ ಅದರ ಫಲ ಉಣ್ಣಬೇಕು ಎಂಬುದು ಭಾರತೀಯ ದರ್ಶನಗಳಲ್ಲಿ ಬಹುಪಾಲು ಒಪ್ಪಿದ ನಿಯಮ. ಮಾಡಿದ್ದು ಫಲ ಕೊಡದೆ ಅಳಿದರೆ ಕೃತನಾಶ, ಮಾಡದಿದ್ದುದರ ಫಲ ಬಂದೆರಗಿದರೆ ಅಕೃತಾಭ್ಯಾಗಮ. ಎರಡನ್ನೂ ತಾರ್ಕಿಕರು ದೋಷವೆಂದೇ ಎಣಿಸಿದರು. ಹವಾಮಾನ ಬದಲಾವಣೆಯಲ್ಲಿ ಇವೆರಡೂ ಒಟ್ಟಿಗೇ ಎದುರಾಗುತ್ತವೆ. ಕಲ್ಲಿದ್ದಲು, ಪೆಟ್ರೋಲು ಉರಿಸಿದವರಲ್ಲಿ ಎಷ್ಟೋ ಮಂದಿ ಸುಖವಾಗಿ ಬಾಳಿ ಹೋಗಿದ್ದಾರೆ; ಬೇಗೆ ತಟ್ಟುತ್ತಿರುವುದು ಏನೂ ಉರಿಸದ ಮರ, ಮೀನು, ಕಪ್ಪೆಗಳಿಗೆ.

ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ 10 ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಭಾಗದಷ್ಟಿತ್ತು; ಈಗ 420 ದಾಟಿದೆ. ಇದರಲ್ಲಿ ಒಂದು ಪಾಲು ಸಾವಿರಾರು ವರ್ಷ ಗಾಳಿಯಲ್ಲೇ ಉಳಿಯುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು. ಅದರಿಂದ ಮಳೆ ಬಂದಾಗ ಬಿರುಸಾಗಿ ಸುರಿಯುತ್ತದೆ. ಬಾರದಾಗ ನೆಲ ಬೇಗ ಒಣಗುತ್ತದೆ. ಕಡಲು ಕಾದಾಗ ಹವಳದ ಜೀವಿಗಳು ತಮ್ಮೊಳಗಿದ್ದು ಉಣಿಸುವ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತವೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗಾಯಿತು.

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಎಂಬ ಕಾಡು ಈ ಪ್ರಶ್ನೆಯನ್ನು ಇನ್ನೂ ಹತ್ತಿರದಿಂದ ತೋರಿಸುತ್ತದೆ. ಅಲ್ಲಿನ ರಾಮಪತ್ರೆ ಮರಗಳ ಜಡ್ಡಿಗಳಲ್ಲಿ, ಅಂದರೆ ಜೌಗು ಕಾಡುಗಳಲ್ಲಿ, ಕೆಸರಿನೊಳಗೆ ಉಸಿರು ಸಿಗದ ಬೇರುಗಳು ಮಡಿಸಿದ ಮೊಣಕಾಲಿನಂತೆ ಮೇಲೆದ್ದು ಗಾಳಿ ಹೀರುತ್ತವೆ. ಈ ಮರಗಳ ಬೀಜವನ್ನು ಒಣಗಿಸಿ ಕಾಪಿಡಲು ಬರುವುದಿಲ್ಲ. ತೇವ ಆರಿದರೆ ಮೊಳೆಯುವ ಶಕ್ತಿಯೇ ಹೋಗುತ್ತದೆ. ಬೇಸಿಗೆಯಲ್ಲಿ ಹಳ್ಳ ಬತ್ತಿದರೆ ಮರ ನಿಂತೇ ಇರುತ್ತದೆ, ಕೆಳಗೆ ಸಸಿ ಏಳುವುದಿಲ್ಲ. ಮಲೆನಾಡಿನ ಎಷ್ಟೋ ಕಾನುಗಳನ್ನು ಜನ ದೇವರ ಹೆಸರಿನಲ್ಲಿ ಉಳಿಸಿಕೊಂಡು ಬಂದರು. ಕೊಡಲಿ ಹಾಕಬಾರದೆಂಬ ಕಟ್ಟಳೆ ಗಡಿಯೊಳಗಿನ ಕೈಯನ್ನು ತಡೆಯಿತು. ದೂರದ ಚಿಮಣಿಯ ಹೊಗೆಯನ್ನು ಅದು ತಡೆಯಲಾರದು.

ನೊಂದವರ ನೋವಿಗೆ ಅವರ ಪೂರ್ವಜನ್ಮದ ಕರ್ಮವೇ ಕಾರಣ ಎಂದು ವಾದಿಸಬಹುದು. ಆದರೆ ಈ ವಾದ ನೋವಿಗೆ ಕಾರಣ ಹೇಳುತ್ತದೆಯೇ ಹೊರತು ನೋಯಿಸಿದವನನ್ನು ಋಣಮುಕ್ತನನ್ನಾಗಿ ಮಾಡುವುದಿಲ್ಲ. ಹಿಂಸೆಗೊಳಗಾದವನ ಕರ್ಮ ಏನೇ ಇರಲಿ, ಹಿಂಸೆ ಮಾಡಿದವನಿಗೆ ಅವನ ಕರ್ಮ ತಪ್ಪಿದ್ದಲ್ಲ.

ಇಲ್ಲಿ ಜೈನ ದರ್ಶನ ಹೆಚ್ಚು ನೆರವಾಗುತ್ತದೆ. ಅದರ ಪ್ರಕಾರ ಮಣ್ಣು, ನೀರು, ಬೆಂಕಿ, ಗಾಳಿ, ಸಸ್ಯಗಳಲ್ಲೂ ಏಕೇಂದ್ರಿಯ ಜೀವಗಳಿವೆ. ಹಿಂಸೆ ಮಾಡುವುದಷ್ಟೇ ಅಲ್ಲ, ಮಾಡಿಸುವುದೂ ಮಾಡಿದ್ದಕ್ಕೆ ಸಮ್ಮತಿಸುವುದೂ ಕರ್ಮಬಂಧಕ್ಕೆ ಕಾರಣ. ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸುಡುವವನು ಒಬ್ಬ, ಅದರ ವಿದ್ಯುತ್ತನ್ನು ಬಳಸುವವರು ಕೋಟಿ ಮಂದಿ. ‘ನನ್ನ ಪಾಲು ಎಷ್ಟರದು’ ಎಂಬ ನೆಪ ಈ ಲೆಕ್ಕದಲ್ಲಿ ನಿಲ್ಲದು. ಪಾಲು ಚಿಕ್ಕದಾದರೆ ಹೊಣೆ ಚಿಕ್ಕದಾದೀತು, ಇಲ್ಲವಾಗದು.

‘ತಿಳಿಯದೆ ಆಯಿತು’ ಎಂಬುದು ಎರಡನೆಯ ನೆಪ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣವನ್ನು ಪ್ರಮಾದದ, ಅಂದರೆ ಎಚ್ಚರಗೇಡಿತನದ, ಜೊತೆ ಜೋಡಿಸುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಬಿಸಿಯಾಗುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರೇನಿಯಸ್ 1896ರಲ್ಲೇ ಲೆಕ್ಕ ಹಾಕಿದ್ದ. 1988ರಲ್ಲಿ ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಳಿಯೇ ಸ್ಥಾಪನೆಯಾಯಿತು. ಆಮೇಲಿನ ಹೊಗೆಗೆ ಅಜ್ಞಾನದ ರಕ್ಷಣೆ ಇಲ್ಲ.

ಆದರೂ ಹೊಣೆ ಎಲ್ಲರಿಗೂ ಒಂದೇ ಸಮವಲ್ಲ. ಜೈನರು ಮುನಿಗೆ ಕಟ್ಟುನಿಟ್ಟಿನ ಮಹಾವ್ರತವನ್ನೂ ಗೃಹಸ್ಥನಿಗೆ ಅದಕ್ಕಿಂತ ಸಡಿಲವಾದ ಅಣುವ್ರತವನ್ನೂ ವಿಧಿಸಿದ್ದಾರೆ. 1992ರ ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆಯೂ ಹೊಣೆ ಎಲ್ಲ ದೇಶಗಳದ್ದು, ಆದರೆ ಅದರ ಪ್ರಮಾಣ ಬೇರೆಬೇರೆ ಎಂದು ಒಪ್ಪಿದೆ. ಒಲೆಗೆ ಸೌದೆ ಒಟ್ಟುವ ಬಡವಳನ್ನೂ ಸ್ವಂತ ವಿಮಾನದಲ್ಲಿ ಹಾರುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಹೆಚ್ಚು ಉರಿಸಿದವರು ಮೊದಲು, ಹೆಚ್ಚಿನ ಪ್ರಮಾಣದಲ್ಲಿ ಹೊಗೆ ತಗ್ಗಿಸಬೇಕು. ಉಳಿದವರು ತಮ್ಮ ಶಕ್ತಿಗೆ ತಕ್ಕಷ್ಟು ಮಾಡಬೇಕು. ಮಾಡದ ಕರ್ಮದ ಫಲ ಉಣ್ಣುತ್ತಿರುವ ಜೀವಗಳಿಗೆ ಸಲ್ಲಬೇಕಾದ ಕನಿಷ್ಠ ನ್ಯಾಯ ಇದು.