ಬರುತ್ತದೆ ಎಂದು ಕಾಯುವ ಮಕ್ಕಳು



ಒಬ್ಬ ತಂದೆಗೆ ಇಬ್ಬರು ಗಂಡುಮಕ್ಕಳು. ತೋಟಕ್ಕೆ ಹೋಗಿ ಕೆಲಸ ಮಾಡು ಎಂದು ತಂದೆ ಹೇಳಿದಾಗ ಒಬ್ಬನು ಒಲ್ಲೆನೆಂದ. ಆಮೇಲೆ ಮನಸ್ಸು ಬದಲಿಸಿ ಹೋದ. ಇನ್ನೊಬ್ಬನು ಬಹಳ ವಿನಯದಿಂದ ಆಗಲಿ ಎಂದ, ಹೋಗಲೇ ಇಲ್ಲ. ಸಂತ ಮತ್ತಾಯನ ಶುಭಸಂದೇಶದ 21ನೆಯ ಅಧ್ಯಾಯದಲ್ಲಿರುವ ಈ ಸಾಮತಿಯನ್ನು ನಾವು ಪೂಜೆಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಇದನ್ನು ವಿಡಿಯೋ ಗೇಮುಗಳ ವಿಷಯಕ್ಕೆ ಹಚ್ಚಿ ನೋಡೋಣ ಎಂದರೆ ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿಂದ ಓದಿ.

ಬದನಗುಪ್ಪೆ ನಿಲ್ದಾಣದಲ್ಲಿ ಮೈಸೂರಿನ ರೈಲಿಗೆ ಕಾಯುವ ಕಾಲೇಜು ಹುಡುಗರ ಮಾತಿಗೆ ಒಮ್ಮೆ ಕಿವಿಗೊಡಿ. ಕ್ರಿಕೆಟ್ಟು, ಸಿನಿಮಾ ಮುಗಿದ ಮೇಲೆ ಗೇಮಿನ ಮಾತು ಬಂದೇ ಬರುತ್ತದೆ. ಅದರಲ್ಲೂ ಇನ್ನೂ ಬಾರದ ಗೇಮಿನ ಮಾತೇ ಹೆಚ್ಚು. ಹೊಸ ಗೇಮು ಬರುತ್ತದೆ ಎಂದು ಸಾರುವುದಕ್ಕೇ ಕಂಪನಿಗಳು ದೊಡ್ಡ ದೊಡ್ಡ ಕಾರ್ಯಕ್ರಮ ನಡೆಸುತ್ತವೆ. 1995ರಿಂದ ಅಮೆರಿಕದ ಇ3 ಎಂಬ ಮೇಳ ಇದಕ್ಕೆ ಹೆಸರಾಗಿತ್ತು. 2011ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಮೇಳದ ಗೊಡವೆಯಿಲ್ಲದೆ ನೇರವಾಗಿ ಇಂಟರ್‌ನೆಟ್‌ನಲ್ಲೇ ಘೋಷಣೆ ಮಾಡುವ ಕ್ರಮ ಆರಂಭಿಸಿತು. ಉಳಿದವರೂ ಅದೇ ದಾರಿ ಹಿಡಿದರು. ಕೊರೋನಾ ಬಂದ ಮೇಲೆ ಇ3 ಚೇತರಿಸಿಕೊಳ್ಳಲಿಲ್ಲ. 2023ರ ಡಿಸೆಂಬರಿನಲ್ಲಿ ಅದನ್ನು ಶಾಶ್ವತವಾಗಿ ಮುಚ್ಚಿದರು. ಈಗ ಘೋಷಣೆ ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ಗುಂಡ್ಲುಪೇಟೆಯ ಹುಡುಗನೂ ಅದೇ ಕ್ಷಣದಲ್ಲಿ ತನ್ನ ಮೊಬೈಲಿನಲ್ಲಿ ನೋಡುತ್ತಾನೆ. ಅಲ್ಲಿ ಹಗಲಾದರೆ ಇಲ್ಲಿ ರಾತ್ರಿ, ಅಷ್ಟೇ ವ್ಯತ್ಯಾಸ.

ನಮ್ಮ ಕಡೆಯ ಹುಡುಗರಿಗೆ ಈ ಕಾಯುವಿಕೆ ಚೆನ್ನಾಗಿ ಗೊತ್ತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿಯನ್ನು ನಿಷೇಧಿಸಿತು. ಅದೇ ಆಟ ಹೊಸ ಹೆಸರಿನಲ್ಲಿ ಬರುತ್ತದೆ ಎಂದು 2021ರ ಮೇ ತಿಂಗಳಲ್ಲಿ ಘೋಷಣೆಯಾಯಿತು; ಜುಲೈ ತಿಂಗಳಲ್ಲಿ ಬಂದೇ ಬಂತು. ಒಂದು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಮಾಯವಾಗಿ, 2023ರ ಮೇ ತಿಂಗಳಲ್ಲಿ ಮರಳಿತು. ಫ್ರೀ ಫೈರ್ ಆಟದ ಕಥೆ ಬೇರೆ. 2022ರ ಫೆಬ್ರವರಿಯಲ್ಲಿ ಅದಕ್ಕೂ ನಿಷೇಧ ಬಿತ್ತು. 2023ರ ಆಗಸ್ಟ್ ಕೊನೆಯಲ್ಲಿ ಧೋನಿಯವರನ್ನು ಮುಂದಿಟ್ಟುಕೊಂಡು, ಸೆಪ್ಟೆಂಬರ್ 5ಕ್ಕೆ ಫ್ರೀ ಫೈರ್ ಇಂಡಿಯಾ ಬರುತ್ತದೆ ಎಂದು ಸಾರಿದರು. ಹಿಂದಿನ ದಿನ, ಕೆಲವು ವಾರ ತಡವಾಗುತ್ತದೆ ಎಂದರು. ಆ ವಾರಗಳು ತಿಂಗಳಾದವು; ವರ್ಷ ಕಳೆದರೂ ಆಟ ಬರಲಿಲ್ಲ. ಧೋನಿಯ ಮುಖ ನೋಡಿ ನಂಬಿದ ಹುಡುಗ ಏನು ಮಾಡಬೇಕು ಹೇಳಿ?

ಮಕ್ಕಳ ಈ ಸಂಕಟ ಕಂಡು ನಾವು ದೊಡ್ಡವರು ನಗುತ್ತೇವೆ. ಆದರೆ ನಾವು ಕಾದಿಲ್ಲವೇ? ಬೆಂಗಳೂರಿನಿಂದ ಕನಕಪುರ, ಕೊಳ್ಳೇಗಾಲ, ಚಾಮರಾಜನಗರದ ಮೇಲೆ ಸತ್ಯಮಂಗಲಕ್ಕೆ ರೈಲು ಎಂದು 1990ರ ದಶಕದಲ್ಲೇ ಮಂಜೂರಾತಿ ಕೇಳಿದವರು ನಾವು. ಇಂದಿಗೂ ಬದನಗುಪ್ಪೆ ದಾಟಿದ ರೈಲು ಚಾಮರಾಜನಗರದಲ್ಲೇ ನಿಂತು ಹಿಂದಿರುಗುತ್ತದೆ, ಮುಂದೆ ಕಾಡು. ಬದನಗುಪ್ಪೆ-ಕೆಲ್ಲಂಬಳ್ಳಿಗೆ ಕೈಗಾರಿಕಾ ಪ್ರದೇಶ ಎಂದು ಕೇಳಿದ ದಿನ ಮಗನಿಗೆ ಊರಲ್ಲೇ ಕೆಲಸ ಎಂದು ಲೆಕ್ಕ ಹಾಕಿದ ತಂದೆತಾಯಿಗಳು ಎಷ್ಟು ಮಂದಿಯೋ. ನಮ್ಮದು ಊರಿನ ಆಸೆ, ಅವರದು ಆಟದ ಆಸೆ ಎನ್ನಬಹುದು. ಆದರೂ, ಮಾತು ಕೊಟ್ಟವನ ಬಾಯಿ ನೋಡುತ್ತ ಕೂರುವ ಮನಸ್ಸು ಎರಡೂ ಕಡೆ ಒಂದೇ.

ಇನ್ನು ಆ ದ್ರಾಕ್ಷಿತೋಟದ ಮಕ್ಕಳ ವಿಷಯಕ್ಕೆ ಬರೋಣ. ಪೋಲೆಂಡಿನ ಒಂದು ಕಂಪನಿ 2019ರ ಇ3 ಮೇಳದಲ್ಲಿ ಸಿನಿಮಾ ನಟ ಕಿಯಾನು ರೀವ್ಸ್ ಅವರನ್ನು ವೇದಿಕೆಗೆ ಕರೆತಂದು ಸೈಬರ್‌ಪಂಕ್ 2077 ಎಂಬ ಗೇಮಿನ ದಿನಾಂಕ ಹೇಳಿಸಿತು. ಜನ ಹುಚ್ಚೆದ್ದು ಕೂಗಿದರು. ದಿನಾಂಕ ಮೂರು ಸಲ ಮುಂದಕ್ಕೆ ಹೋಯಿತು. 2020ರ ಡಿಸೆಂಬರಿನಲ್ಲಿ ಬಂದ ಗೇಮು ಎಷ್ಟು ತಪ್ಪುಗಳಿಂದ ತುಂಬಿತ್ತೆಂದರೆ, ಸೋನಿ ಕಂಪನಿ ಒಂದೇ ವಾರದಲ್ಲಿ ಅದನ್ನು ತನ್ನ ಅಂಗಡಿಯಿಂದ ತೆಗೆದು ಹಣ ವಾಪಸು ಕೊಡಲು ಮುಂದಾಯಿತು. ಮುಂಗಡ ಕಟ್ಟಿದವರು ಲಕ್ಷಾಂತರ ಮಂದಿ. ಹೊಲ ನೋಡದೆ ಅರಿಶಿನಕ್ಕೆ ಮುಂಗಡ ಕೊಡುವ ವ್ಯಾಪಾರಿ ಗುಂಡ್ಲುಪೇಟೆಯಲ್ಲಿ ಒಬ್ಬನಾದರೂ ಇದ್ದಾನೆಯೇ? ಟ್ರೇಲರ್ ಮಾತ್ರ ಅಂಥ ಜಾಣರನ್ನೂ ಮರುಳು ಮಾಡುತ್ತದೆ.

ಇದಕ್ಕೆ ಎದುರಾಗಿ ಆಸ್ಟ್ರೇಲಿಯಾದ ಅಡಿಲೇಡ್ ನಗರದ ಟೀಮ್ ಚೆರಿ ಎಂಬ ಪುಟ್ಟ ತಂಡವಿದೆ. ಮುಖ್ಯವಾಗಿ ಮೂವರೇ. 2019ರ ಫೆಬ್ರವರಿಯಲ್ಲಿ ಸಿಲ್ಕ್‌ಸಾಂಗ್ ಎಂಬ ಗೇಮು ಮಾಡುತ್ತೇವೆ ಎಂದರು. ನಂತರ ಬಹುಮಟ್ಟಿಗೆ ಮೌನ. 2022ರ ಜೂನ್‌ನಲ್ಲಿ ಎಕ್ಸ್‌ಬಾಕ್ಸ್ ಕಾರ್ಯಕ್ರಮದಲ್ಲಿ ಅದರ ತುಣುಕು ಕಾಣಿಸಿತು. ಅಲ್ಲಿ ತೋರಿಸಿದ್ದೆಲ್ಲ ವರ್ಷದೊಳಗೆ ಕೈಗೆ ಬರುತ್ತದೆ ಎಂದರು, ಬರಲಿಲ್ಲ. ಅಲ್ಲಿಂದ ಮುಂದೆ ಅಭಿಮಾನಿಗಳ ಪಾಡು ನೋಡಬೇಕಿತ್ತು. ಯಾವ ಕಂಪನಿಯ ಘೋಷಣೆಯಾದರೂ ಸರಿ, ಅದೇ ಹೆಸರು ಬರೆದು ಕಾಯುವರು. ಬಾರದಿದ್ದಾಗ ಸರ್ಕಸ್ಸಿನ ಕೋಡಂಗಿಯ ಮುಖವನ್ನು ತಮಗೇ ಹಚ್ಚಿಕೊಂಡು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವರು. ಒಬ್ಬ ಅಭಿಮಾನಿಯಂತೂ ವರ್ಷಗಟ್ಟಲೆ ದಿನಕ್ಕೊಂದು ವಿಡಿಯೋ ಹಾಕಿ, ಇವತ್ತು ಸುದ್ದಿ ಇದೆಯೇ ಇಲ್ಲವೇ ಎಂದು ತಿಳಿಸುತ್ತಿದ್ದ. ಹೆಚ್ಚಿನ ದಿನ ಇಲ್ಲ ಎಂಬುದೇ ಸುದ್ದಿ. ಆ ತಂಡ ಮಾತ್ರ ತೋಟದಲ್ಲಿ ಕೆಲಸ ಮಾಡುತ್ತಿತ್ತು. 2025ರ ಆಗಸ್ಟ್ 21ರಂದು ದಿನಾಂಕ ಹೇಳಿದರು, ಎರಡೇ ವಾರದಲ್ಲಿ ಸೆಪ್ಟೆಂಬರ್ 4ರಂದು ಗೇಮು ಬಂತು. ಕೊಳ್ಳುವವರ ನೂಕುನುಗ್ಗಲಿಗೆ ಇಂಟರ್‌ನೆಟ್ ಅಂಗಡಿಗಳೇ ಕೆಲಹೊತ್ತು ಕೈಕಟ್ಟಿ ನಿಂತವು.

ಸಾಮತಿಯಲ್ಲಿಲ್ಲದ ಮೂರನೆಯ ಮಗನೂ ಈ ಲೋಕದಲ್ಲಿದ್ದಾನೆ. 2016ರಲ್ಲಿ ನೋ ಮ್ಯಾನ್ಸ್ ಸ್ಕೈ ಎಂಬ ಗೇಮು ಬಂದಾಗ, ಹೇಳಿದ್ದರಲ್ಲಿ ಬಹಳಷ್ಟು ಅದರಲ್ಲಿ ಇರಲಿಲ್ಲ. ಜನ ಬೈದರು. ತಯಾರಕರು ಬಾಯಿ ಮುಚ್ಚಿಕೊಂಡು, ಹೊಸ ಹಣ ಕೇಳದೆ, ವರ್ಷ ವರ್ಷವೂ ಕೊರತೆ ತುಂಬುತ್ತ ಬಂದರು. ಆಗಲಿ ಎಂದು ಹೇಳಿ ಹೋಗದಿದ್ದವನು ಕೊನೆಗೆ ಹೋದ. ತಂದೆಯಾದವನಿಗೆ ಇವನೂ ಬೇಡವಾಗುವನೇ?

ಮನೆಯಲ್ಲಿ ನಾವು ಯಾವ ಮಗ ಎಂದು ಕೇಳಿಕೊಳ್ಳಬೇಕಾದ್ದು ಇಲ್ಲೇ, ತಂದೆತಾಯಿಗಳೇ. ಪರೀಕ್ಷೆ ಮುಗಿಯಲಿ, ಸೈಕಲ್ ಕೊಡಿಸುತ್ತೇನೆ. ಅರಿಶಿನದ ದುಡ್ಡು ಬರಲಿ, ಎಲ್ಲರೂ ವೇಳಾಂಕಣಿಗೆ ಹೋಗೋಣ. ಮುಂದಿನ ವಾರದಿಂದ ನಾನು ಕುಡಿಯುವುದಿಲ್ಲ. ಇವೂ ಘೋಷಣೆಗಳೇ, ಇವಕ್ಕೂ ದಿನಾಂಕವಿದೆ. ಮೊದಲ ಸಲ ತಪ್ಪಿದಾಗ ಮಗು ಅಳುತ್ತದೆ. ಎರಡನೆಯ ಸಲ ಕೇಳುತ್ತದೆ. ಮೂರನೆಯ ಸಲ ನಗುತ್ತದೆ. ನನಗೆ ಭಯವಾಗುವುದು ಆ ನಗುವಿಗೆ. ಕೋಡಂಗಿಯ ಮುಖ ಹಚ್ಚಿಕೊಂಡವರದೂ ಅದೇ ನಗು: ಬೇರೆಯವರು ನೋಯಿಸುವ ಮೊದಲು ತನ್ನ ಆಸೆಯನ್ನು ತಾನೇ ಗೇಲಿ ಮಾಡಿ ಮುಗಿಸಿಬಿಡುವುದು. ಗೇಮಿನ ವಿಷಯದಲ್ಲಿ ಇದು ತಮಾಷೆ. ಅಪ್ಪನ ಮಾತಿನ ವಿಷಯದಲ್ಲಿ ಈ ನಗು ಕಲಿತ ಹುಡುಗ, ಪರಲೋಕದ ತಂದೆಯ ವಾಗ್ದಾನವನ್ನು ಗುರುಗಳು ಪೀಠದಿಂದ ಓದುವಾಗ ಯಾವ ಕಿವಿಯಿಂದ ಕೇಳುತ್ತಾನೆ?

ಸಂತ ಯಕೋಬನು ತನ್ನ ಪತ್ರದ ಕೊನೆಯ ಅಧ್ಯಾಯದಲ್ಲಿ ತಾಳ್ಮೆಗೆ ಉದಾಹರಣೆಯಾಗಿ ರೈತನನ್ನು ತೋರಿಸುತ್ತಾನೆ, ಮುಂಗಾರು ಹಿಂಗಾರು ಎರಡಕ್ಕೂ ಕಾಯುವ ರೈತನನ್ನು. ಮಳೆಯಾಶ್ರಿತ ಹೊಲವಿರುವ ಬದನಗುಪ್ಪೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹವಾಮಾನ ಇಲಾಖೆ ಏನಾದರೂ ಹೇಳಲಿ, ನೀವು ಹೊಲ ಹಸನು ಮಾಡಿಟ್ಟಿರುತ್ತೀರಿ, ಗೊಬ್ಬರ ಹೊಡೆದಿರುತ್ತೀರಿ. ಮಳೆ ತಪ್ಪಿದ ವರ್ಷವೂ ಮುಂದಿನ ವರ್ಷದ ಬೀಜ ಎತ್ತಿಡುತ್ತೀರಿ. ಕಂಪನಿಯ ಘೋಷಣೆ ಕೇಳಿ ಕುಣಿಯುವುದೂ ನಿಮ್ಮ ಈ ಕಾಯುವಿಕೆಯಲ್ಲ, ಕೋಡಂಗಿಯ ನಗುವೂ ಅಲ್ಲ. ನಿಮ್ಮ ಮಕ್ಕಳು ಅದನ್ನು ನಿಮ್ಮ ಅಂಗಳದಲ್ಲೇ ದಿನಾ ನೋಡುತ್ತಾರೆ. ಆದರೆ ಅದರ ಹೆಸರು ಭರವಸೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಮೊಬೈಲ್ ಕಿತ್ತುಕೊಂಡು ಬೈದ ಮೇಲೆ ಅದನ್ನು ಹೇಳಲು ಹೋದರೆ ಕೇಳುವವರು ಯಾರು?

ಎಕ್ಸ್‌ಬಾಕ್ಸಿನವರ ಕಾರ್ಯಕ್ರಮ ಈಚಿನ ವರ್ಷಗಳಲ್ಲಿ ಜೂನ್ ತಿಂಗಳ ಭಾನುವಾರವೊಂದರಲ್ಲಿ, ನಮ್ಮ ಗಡಿಯಾರಕ್ಕೆ ರಾತ್ರಿ ಹತ್ತೂವರೆಗೆ ಆರಂಭವಾಗಿದೆ. ಜಪಸರ, ಊಟ ಎಲ್ಲ ಮುಗಿದಿರುವ ಹೊತ್ತು. ಮಗನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು, ಯಾವುದಕ್ಕೆ ಕಾಯುತ್ತಿದ್ದೀಯಪ್ಪಾ, ಎಷ್ಟು ವರ್ಷವಾಯಿತು ಎಂದು ಕೇಳಿ. ಅವನು ಹೇಳುವುದು ಅರ್ಥವಾಗದಿದ್ದರೂ ಕೇಳುತ್ತಿರಿ. ಅದೇ ವಾರ ಸಮ್ಮರ್ ಗೇಮ್ ಫೆಸ್ಟ್ ಎಂಬ ಇನ್ನೊಂದು ಬರುತ್ತದೆ, ಇಲ್ಲಿಗೆ ಬೆಳಗಿನ ಜಾವ ಎರಡೂವರೆಗೆ. ಅದಕ್ಕೆ ಮಾತ್ರ ಎದ್ದಿರುವುದು ಬೇಡ ಎನ್ನಿ. ಬೆಳಿಗ್ಗೆ ನೋಡಿದರೂ ಅದೇ ಟ್ರೇಲರ್ ಅಲ್ಲೇ ಇರುತ್ತದೆ.